ನೆಚ್ಚಿನ ಸಿನಿಮಾಗಳ ಪಟ್ಟಿ: ಗೆಳೆಯರ ಜೊತೆ ಕೂತು ಹೋಲಿಸಲು ಯಾವ ವಿಧಾನ ಒಳ್ಳೆಯದು?

ಒಂಬತ್ತು ಜನ ಸಿನಿಮಾ ಹುಚ್ಚರು ಒಟ್ಟಿಗೆ ಕೂತಿದ್ದಾರೆ ಅಂದುಕೊಳ್ಳಿ. ಅವರ ಮುಂದೆ ಮೂರು ಸಿನಿಮಾ: ಒಂದು ಥ್ರಿಲ್ಲರ್, ಒಂದು ಪ್ರೇಮಕಥೆ, ಒಂದು ಕಾಮಿಡಿ. ಪ್ರತಿಯೊಬ್ಬರೂ ಮೂರನ್ನೂ ತಮ್ಮ ಇಷ್ಟದ ಕ್ರಮದಲ್ಲಿ ಒಂದು ಚೀಟಿಯಲ್ಲಿ ಬರೆದುಕೊಡುತ್ತಾರೆ. ನಾಲ್ವರ ಚೀಟಿಯಲ್ಲಿ ಥ್ರಿಲ್ಲರ್ ಮೊದಲು, ಕಾಮಿಡಿ ಆಮೇಲೆ, ಪ್ರೇಮಕಥೆ ಕೊನೆಗೆ. ಮೂವರ ಚೀಟಿಯಲ್ಲಿ ಪ್ರೇಮಕಥೆ, ಕಾಮಿಡಿ, ಥ್ರಿಲ್ಲರ್. ಉಳಿದ ಇಬ್ಬರದು ಕಾಮಿಡಿ, ಪ್ರೇಮಕಥೆ, ಥ್ರಿಲ್ಲರ್.

ಈಗ ಗೆದ್ದದ್ದು ಯಾವುದು?

ಮೊದಲ ಸ್ಥಾನಗಳನ್ನು ಮಾತ್ರ ಎಣಿಸಿದರೆ ಥ್ರಿಲ್ಲರ್. ಅದಕ್ಕೆ 4, ಪ್ರೇಮಕಥೆಗೆ 3, ಕಾಮಿಡಿಗೆ 2. ಎಲ್ಲಕ್ಕಿಂತ ಕಡಿಮೆ ಬಂದ ಕಾಮಿಡಿಯನ್ನು ಪಕ್ಕಕ್ಕಿಟ್ಟು, ಆ ಎರಡು ಚೀಟಿಗಳನ್ನು ಅವರ ಎರಡನೇ ಆಯ್ಕೆಗೆ ಸೇರಿಸಿದರೆ ಪ್ರೇಮಕಥೆ ಗೆಲ್ಲುತ್ತದೆ, 5ಕ್ಕೆ 4ರಂತೆ. ಮೊದಲ ಸ್ಥಾನಕ್ಕೆ 2 ಅಂಕ, ಎರಡನೆಯದಕ್ಕೆ 1, ಕೊನೆಯದಕ್ಕೆ ಸೊನ್ನೆ ಕೊಟ್ಟು ಕೂಡಿದರೆ ಕಾಮಿಡಿ. ಅದಕ್ಕೆ 11 ಅಂಕ, ಉಳಿದೆರಡಕ್ಕೂ ಎಂಟೆಂಟು.

ಒಂದು ಚೀಟಿಯೂ ಬದಲಾಗಿಲ್ಲ. ಯಾರ ರುಚಿಯೂ ಬದಲಾಗಿಲ್ಲ. ಎಣಿಸುವ ರೀತಿ ಬದಲಾದ ಹಾಗೆಲ್ಲ ಗೆದ್ದ ಸಿನಿಮಾ ಬದಲಾಯಿತು. ಅದಕ್ಕೇ ಯಾವ ಸಿನಿಮಾ ಮೇಲು ಅಂತ ಜಗಳ ಶುರುವಾಗುವ ಮೊದಲು ಯಾವ ವಿಧಾನ ಅಂತ ತೀರ್ಮಾನ ಆಗಬೇಕು. ಒಬ್ಬರ ನೆಚ್ಚಿನ ಸಿನಿಮಾ ಹಿಂದೆ ಬಿದ್ದಾಗ ವಿಧಾನ ಬದಲಿಸಲು ಹೊರಟರೆ ಯಾರಿಗೂ ಸಮಾಧಾನ ಆಗುವುದಿಲ್ಲ.

ವಿಧಾನ ಆರಿಸಲು ನಿಮಗೆ ಬೇಕಾಗಿರುವುದು ಏನು ಅಂತ ಗೊತ್ತಿರಬೇಕು. ಇವತ್ತು ಒಟ್ಟಿಗೆ ನೋಡಲು ಒಂದು ಸಿನಿಮಾ ಬೇಕಾ? ಗುಂಪಿನ ಹೆಸರಲ್ಲಿ ಒಂದು ಪಟ್ಟಿ ಬೇಕಾ? ಅಥವಾ ಒಬ್ಬರ ರುಚಿ ಇನ್ನೊಬ್ಬರಿಗೆ ತಿಳಿಯಬೇಕಾ? ಮೂರೂ ಬೇರೆ ಬೇರೆ ಕೆಲಸ. ಮೂರಕ್ಕೂ ಒಂದೇ ವಿಧಾನ ಹೊಂದುವುದಿಲ್ಲ.

ಹತ್ತಕ್ಕೆ ಎಷ್ಟು?

ಎಲ್ಲರೂ ಮೊದಲು ಕೈಹಾಕುವುದು ಅಂಕಕ್ಕೇ. ಹತ್ತಕ್ಕೆ ಎಂಟು, ಐದಕ್ಕೆ ಮೂರೂವರೆ ಸ್ಟಾರ್. ಒಬ್ಬರೇ ತಾವು ನೋಡಿದ ಸಿನಿಮಾಗಳ ಲೆಕ್ಕ ಇಡಲು ಇದು ಚೆನ್ನಾಗಿದೆ. ಗುಂಪಿನಲ್ಲಿ ಸರಾಸರಿ ತೆಗೆಯಲು ಹೋದಾಗ ತೊಂದರೆ ಶುರು.

ಒಬ್ಬೊಬ್ಬರ ಕೈ ಒಂದೊಂದು ಥರ. ಒಬ್ಬರು ತುಂಬ ಇಷ್ಟಪಟ್ಟ ಸಿನಿಮಾಗೂ ಎಂಟರ ಮೇಲೆ ಕೊಡುವುದಿಲ್ಲ. ಇನ್ನೊಬ್ಬರು ಪರವಾಗಿಲ್ಲ ಅನಿಸಿದ್ದಕ್ಕೇ ಎಂಟು ಕೊಡುತ್ತಾರೆ. ಈ ಎರಡು ಎಂಟನ್ನು ಕೂಡಿಸಿದರೆ ಬರುವ ಸಂಖ್ಯೆಗೆ ಅರ್ಥವಿಲ್ಲ. ಇದಕ್ಕೆ ಒಂದು ಸರಳ ಉಪಾಯ ಇದೆ. ಪ್ರತಿಯೊಬ್ಬರೂ ತಾವು ಕೊಟ್ಟ ಎಲ್ಲ ಅಂಕಗಳ ಸರಾಸರಿ ತೆಗೆಯಲಿ, ಒಂದೊಂದು ಸಿನಿಮಾದ ಅಂಕದಿಂದಲೂ ಅದನ್ನು ಕಳೆಯಲಿ. ಸರಾಸರಿ 6 ಕೊಡುವವರ 8 ಅಂದರೆ +2, ಸರಾಸರಿ 8.5 ಕೊಡುವವರ 8 ಅಂದರೆ -0.5. ಆಗ ಯಾರಿಗೆ ನಿಜಕ್ಕೂ ಇಷ್ಟವಾಗಿದೆ ಅಂತ ಕಾಣುತ್ತದೆ.

ಎರಡನೇ ತೊಂದರೆ ಇದಕ್ಕಿಂತ ದೊಡ್ಡದು. ಎಲ್ಲರೂ ಎಲ್ಲ ಸಿನಿಮಾ ನೋಡಿರುವುದಿಲ್ಲ. ಇಬ್ಬರೇ ನೋಡಿ ಇಬ್ಬರೂ ಹತ್ತಕ್ಕೆ ಹತ್ತು ಕೊಟ್ಟ ಸಿನಿಮಾ, ಹತ್ತು ಜನ ನೋಡಿ ಸರಾಸರಿ 8.6 ಬಂದ ಸಿನಿಮಾಗಿಂತ ಮೇಲೆ ಹೋಗಿ ಕೂತುಬಿಡುತ್ತದೆ. ಇದು ನ್ಯಾಯ ಅಲ್ಲ ಅಂತ ಯಾರಿಗಾದರೂ ಅನಿಸುತ್ತದೆ ಅಲ್ವಾ? ಸಿನಿಮಾ ಮಾಹಿತಿ ಕೊಡುವ ಜಾಲತಾಣ ಐಎಂಡಿಬಿಯ ಅತ್ಯುತ್ತಮ 250 ಸಿನಿಮಾಗಳ ಪಟ್ಟಿ ಇದೇ ಸಮಸ್ಯೆಗೆ ಒಂದು ಲೆಕ್ಕ ಇಟ್ಟುಕೊಂಡಿದೆ. ಕಡಿಮೆ ಮತ ಬಿದ್ದ ಸಿನಿಮಾದ ಅಂಕವನ್ನು ಎಲ್ಲ ಸಿನಿಮಾಗಳ ಒಟ್ಟು ಸರಾಸರಿಯ ಕಡೆಗೆ ಎಳೆಯುತ್ತಾರೆ. ಮತ ಹೆಚ್ಚಾದಂತೆ ಆ ಎಳೆತ ಕಡಿಮೆಯಾಗುತ್ತದೆ. ಪಟ್ಟಿಗೆ ಬರಲು ಕನಿಷ್ಠ 25,000 ಮತವೂ ಬೇಕು.

ಅದನ್ನೇ ಸಣ್ಣ ಗುಂಪಿಗೂ ಇಳಿಸಬಹುದು. ನಿಮ್ಮ ಗುಂಪಿನ ಒಟ್ಟು ಸರಾಸರಿ 7 ಅಂದುಕೊಳ್ಳಿ. ಪ್ರತಿ ಸಿನಿಮಾಗೂ 7 ಅಂಕದ ನಾಲ್ಕು ಕಾಲ್ಪನಿಕ ಮತ ಸೇರಿಸಿ. ಇಬ್ಬರೇ ನೋಡಿದ ಸಿನಿಮಾ ಆಗ 8ಕ್ಕೆ ಇಳಿಯುತ್ತದೆ. ಹತ್ತು ಜನ ನೋಡಿದ್ದು ಸುಮಾರು 8.14ರಲ್ಲಿ ನಿಲ್ಲುತ್ತದೆ, ಅಂದರೆ ಒಂದು ಕೂದಲೆಳೆ ಮುಂದೆ. ನಾಲ್ಕರ ಬದಲು ಒಂದೇ ಕಾಲ್ಪನಿಕ ಮತ ಸೇರಿಸಿದರೆ ಇಬ್ಬರ ಸಿನಿಮಾವೇ ಗೆಲ್ಲುತ್ತದೆ. ಹಾಗಾಗಿ ಎಷ್ಟು ಮತ ಸೇರಿಸಬೇಕು ಅನ್ನುವುದನ್ನು ಅಂಕ ನೋಡುವ ಮುಂಚೆಯೇ ನಿರ್ಧರಿಸಿ.

ಇಷ್ಟೆಲ್ಲ ಮಾಡಿದರೂ ಸರಾಸರಿ ನನಗೆ ಹಿಡಿಸುವುದಿಲ್ಲ. ಅರ್ಧ ಜನ ಕುಣಿದಾಡಿ ಮೆಚ್ಚಿದ, ಇನ್ನರ್ಧ ಜನ ಎದ್ದು ಹೋದ ಸಿನಿಮಾಗೆ ಬರುವ ಅಂಕ ಆರೋ ಐದೋ. ಯಾರಿಗೂ ಏನೂ ಅನಿಸದ ಸಿನಿಮಾಗೂ ಅದೇ ಆರೋ ಐದೋ. ಮಾತಾಡಲು ಅತ್ಯಂತ ಯೋಗ್ಯವಾದ ಸಿನಿಮಾವನ್ನೇ ಸರಾಸರಿ ಮುಚ್ಚಿಹಾಕುತ್ತದೆ. ಅಂಕಗಳನ್ನು ಕೂಡಿಸುವುದಕ್ಕಿಂತ ಯಾವ ಸಿನಿಮಾಗೆ ಗೆಳೆಯರ ಅಂಕ ಅತಿ ದೂರ ದೂರ ಬಿದ್ದಿದೆ ಅಂತ ಹುಡುಕಿ. ಹರಟೆಗೆ ಅದೇ ಒಳ್ಳೆಯ ಶುರು.

ನೋಡಬಹುದಾ, ಬೇಡವಾ?

ಇವತ್ತು ಏನು ನೋಡೋಣ ಅನ್ನುವ ಪ್ರಶ್ನೆಗೆ ಮಾತ್ರ ಇದು. ಆರೇಳು ಹೆಸರು ಓದಿ. ಯಾವ ಯಾವ ಸಿನಿಮಾ ತಮಗೆ ಒಪ್ಪಿಗೆಯೋ ಅದಕ್ಕೆಲ್ಲ ಕೈ ಎತ್ತಲಿ, ಎಷ್ಟು ಸಲ ಬೇಕಾದರೂ. ಜಾಸ್ತಿ ಕೈ ಎದ್ದದ್ದನ್ನು ಹಾಕಿ. ಎರಡು ನಿಮಿಷದ ಕೆಲಸ. ಯಾರೂ ಮುಖ ಊದಿಸಿಕೊಂಡು ಕೂರುವ ಪ್ರಸಂಗ ಬರುವುದಿಲ್ಲ.

ಇದೇ ಲೆಕ್ಕವನ್ನು ನೆಚ್ಚಿನ ಸಿನಿಮಾ ಪಟ್ಟಿಗೆ ಬಳಸಬೇಡಿ. ವಿಮರ್ಶೆಗಳನ್ನು ಒಟ್ಟುಹಾಕುವ ಜಾಲತಾಣ ರಾಟನ್ ಟೊಮ್ಯಾಟೋಸ್‌ನ ಶೇಕಡಾವಾರು ಕೆಲಸ ಮಾಡುವುದು ಹೀಗೇ. ಎಷ್ಟು ಪಾಲು ವಿಮರ್ಶಕರು ಸಿನಿಮಾವನ್ನು ಮೆಚ್ಚಿದ್ದಾರೆ ಅನ್ನುವುದನ್ನು ಅದು ಹೇಳುತ್ತದೆ, ಎಷ್ಟು ಮೆಚ್ಚಿದ್ದಾರೆ ಅನ್ನುವುದನ್ನು ಹೇಳುವುದಿಲ್ಲ. 60 ಅಥವಾ ಅದಕ್ಕಿಂತ ಹೆಚ್ಚು ಬಂದರೆ ‘ತಾಜಾ’ ಎಂಬ ಗುರುತು. ಎಲ್ಲರೂ ‘ಪರವಾಗಿಲ್ಲ, ನೋಡಬಹುದು’ ಅಂದ ಸಿನಿಮಾಗೆ ನೂರಕ್ಕೆ ನೂರು ಬರಬಹುದು. ಐವರಲ್ಲಿ ಮೂವರ ಜೀವನದ ಸಿನಿಮಾ ಆಗಿ, ಇಬ್ಬರಿಗೆ ಹಿಡಿಸದೇ ಹೋದದ್ದು 60ರಲ್ಲಿ ನಿಲ್ಲಬಹುದು. ಸಂಜೆ ಕಳೆಯಲು ಮೊದಲನೆಯದು ಸರಿ. ನೆಚ್ಚಿನದು ಅನ್ನುವ ಮಾತಿಗೆ ಎರಡನೆಯದೇ ಹತ್ತಿರ.

ಕ್ರಮವಿಲ್ಲದ ಹತ್ತು

ಪ್ರತಿಯೊಬ್ಬರೂ ಹತ್ತು ಸಿನಿಮಾ ಬರೆಯುವುದು. ಮೇಲೆ ಕೆಳಗೆ ಅಂತ ಇಲ್ಲ, ಹತ್ತಕ್ಕೂ ಒಂದೊಂದು ಮತ. ಬ್ರಿಟನ್ನಿನ ‘ಸೈಟ್ ಆ್ಯಂಡ್ ಸೌಂಡ್’ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರಿಂದ ಹೀಗೆಯೇ ಹತ್ತು ಹೆಸರು ಕೇಳುತ್ತ ಬಂದಿದೆ. ಸಿನಿಮಾ ಪ್ರಿಯರು ಆ ಫಲಿತಾಂಶಗಳನ್ನು ಒಮ್ಮೆ ಸಾಲಾಗಿ ನೋಡಬೇಕು, ಕಲಿಯುವುದು ಬಹಳ ಇದೆ.

ಮೊದಲ ಸಲ ಗೆದ್ದದ್ದು ಇಟಲಿಯ ‘ಬೈಸಿಕಲ್ ಥೀವ್ಸ್’. ಆಗ ಅದು ಬಂದು ನಾಲ್ಕೇ ವರ್ಷ. 1962ರಿಂದ 2002ರ ತನಕ ಐದು ಸಲವೂ ‘ಸಿಟಿಜನ್ ಕೇನ್’. 1952ರಲ್ಲಿ ಅದೇ ಸಿನಿಮಾ ಮೊದಲ ಹತ್ತರೊಳಗೂ ಇರಲಿಲ್ಲ. 2012ರಲ್ಲಿ ‘ವರ್ಟಿಗೋ’ ಅದನ್ನು 191ಕ್ಕೆ 157 ಮತದಿಂದ ಹಿಂದೆ ಹಾಕಿತು. 2022ರಲ್ಲಿ ಶಾಂತಾಲ್ ಆಕರ್ಮನ್ 1975ರಲ್ಲಿ ತೆಗೆದ ‘ಜೀನ್ ಡೀಲ್‌ಮನ್’ ಮೊದಲ ಸ್ಥಾನಕ್ಕೆ ಬಂತು. ಒಬ್ಬ ಗೃಹಿಣಿಯ ಮೂರು ದಿನಗಳನ್ನು ಮೂರು ಗಂಟೆಗಿಂತ ಹೆಚ್ಚು ಹೊತ್ತು ಸಾವಧಾನವಾಗಿ ತೋರಿಸುವ ಸಿನಿಮಾ ಅದು. ಮಹಿಳೆಯೊಬ್ಬರು ನಿರ್ದೇಶಿಸಿದ ಸಿನಿಮಾ ಈ ಪಟ್ಟಿಯ ತುದಿಗೆ ಬಂದದ್ದು ಅದೇ ಮೊದಲು. ಸತ್ಯಜಿತ್ ರೇ ಅವರ ‘ಪಥೇರ್ ಪಾಂಚಾಲಿ’ ಆ ಸಲ 35ನೇ ಸ್ಥಾನದಲ್ಲಿತ್ತು.

ಇದರಲ್ಲಿ ಗಮನಿಸಬೇಕಾದ ಎರಡು ಸಂಗತಿ ಇವೆ. 2012ರಲ್ಲಿ ಮತ ಹಾಕಿದವರು 846 ಜನ. ಗೆದ್ದ ಸಿನಿಮಾಗೆ ಬಂದದ್ದು 191 ಮತ. ಮುಕ್ಕಾಲು ಪಾಲಿಗಿಂತ ಹೆಚ್ಚು ಜನರ ಹತ್ತರಲ್ಲಿ ಜಗತ್ತಿನ ‘ನಂಬರ್ ಒನ್’ ಇರಲೇ ಇಲ್ಲ! ನಿಮ್ಮ ಪಟ್ಟಿಯಲ್ಲಿ ಮೊದಲ ಸ್ಥಾನದ ಸಿನಿಮಾ ಇಲ್ಲದಿದ್ದರೆ ಬೇಜಾರು ಮಾಡಿಕೊಳ್ಳುವ ಅಗತ್ಯ ಖಂಡಿತ ಇಲ್ಲ. ಇನ್ನೊಂದು, 2022ರಲ್ಲಿ ಮತ ಹಾಕಿದವರು 1,639 ಜನ, ಹಿಂದಿನದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು. ಹೊಸ ಜನ ಬಂದರು, ಪಟ್ಟಿ ಬದಲಾಯಿತು. ಅದೇ ವರ್ಷ ನಿರ್ದೇಶಕರಿಗೆ ಬೇರೆಯಾಗಿ ಕೇಳಿದಾಗ ಗೆದ್ದದ್ದು ‘2001: ಎ ಸ್ಪೇಸ್ ಒಡಿಸ್ಸಿ’. ಯಾರನ್ನು ಕೇಳುತ್ತೇವೆ ಅನ್ನುವುದು ಎಣಿಸುವ ವಿಧಾನದಷ್ಟೇ ಮುಖ್ಯ. ಎಲ್ಲರೂ ಒಂದೇ ವಯಸ್ಸಿನವರಿರುವ ಗುಂಪು ತನ್ನ ಪಟ್ಟಿಯನ್ನು ಸಿನಿಮಾ ಚರಿತ್ರೆ ಅಂದುಕೊಳ್ಳಬಾರದು. ಇಪ್ಪತ್ತು ವರ್ಷ ದೊಡ್ಡವರನ್ನೂ ಇಪ್ಪತ್ತು ವರ್ಷ ಚಿಕ್ಕವರನ್ನೂ ಜೊತೆಗೆ ಕರೆದು ನೋಡಿ, ಪಟ್ಟಿ ಹೇಗೆ ಉಸಿರಾಡುತ್ತದೆ ಅಂತ ಗೊತ್ತಾಗುತ್ತದೆ.

ಈ ವಿಧಾನದ ಒಳ್ಳೆಯ ಗುಣ ಅಂದರೆ ಇದು ಯಾರಿಗೂ ಹಿಂಸೆ ಕೊಡುವುದಿಲ್ಲ. ಆರನೆಯದು ಯಾವುದು, ಏಳನೆಯದು ಯಾವುದು ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ. ನೋಡದ ಸಿನಿಮಾಗೆ ಅಂಕ ಕೊಡುವ ಒತ್ತಡವೂ ಇಲ್ಲ. ದೋಷ ಒಂದಿದೆ. ಗುಂಪು ಚಿಕ್ಕದಾಗಿದ್ದರೆ ಆರು ಜನರ ಅರವತ್ತು ಮತ ಚೆಲ್ಲಾಪಿಲ್ಲಿಯಾಗಿ ಎರಡೋ ಮೂರೋ ಸಿನಿಮಾಗೆ ಮಾತ್ರ ಎರಡೆರಡು ಮತ ಬೀಳುತ್ತದೆ. ಉಳಿದವೆಲ್ಲ ಒಂಟಿ. ಪಟ್ಟಿಯೇ ಬೇಕು ಅನ್ನುವವರಿಗೆ ಇದರಿಂದ ನಿರಾಸೆ. ನನಗಂತೂ ಆ ಒಂಟಿ ಮತಗಳೇ ಚಿನ್ನ. ಒಬ್ಬರು ಮಾತ್ರ ಬರೆದ ಸಿನಿಮಾ ಅಂದರೆ ಉಳಿದವರು ನೋಡಿಲ್ಲ, ಇಲ್ಲವೇ ನೋಡಿಯೂ ಕಂಡಿಲ್ಲ. ‘ಇದನ್ನು ಯಾಕೆ ಬರೆದೆ?’ ಅಂತ ಕೇಳಿ ಸುಮ್ನೆ ಕೂತು ಕೇಳಿಸಿಕೊಳ್ಳಿ.

ಕ್ರಮದ ಚೀಟಿ

ಗುಂಪಿನ ಹೆಸರಲ್ಲಿ ಒಂದು, ಎರಡು, ಮೂರು ಅಂತ ಪಟ್ಟಿ ಬೇಕೇ ಬೇಕು ಅಂದರೆ ಕ್ರಮ ಹಾಕಿದ ಚೀಟಿ ಬೇಕು. ಎಣಿಸಲು ಎರಡು ಮುಖ್ಯ ದಾರಿ.

ಸ್ಥಾನಕ್ಕೆ ತಕ್ಕ ಅಂಕ ಕೊಟ್ಟು ಕೂಡುವುದು ಒಂದು. ಹದಿನೆಂಟನೇ ಶತಮಾನದ ಫ್ರೆಂಚ್ ಗಣಿತಜ್ಞ ಬೋರ್ಡಾ ಅವರ ಹೆಸರು ಇದಕ್ಕಿದೆ. ಹತ್ತರ ಪಟ್ಟಿಯಾದರೆ ಮೊದಲನೆಯದಕ್ಕೆ 10, ಎರಡನೆಯದಕ್ಕೆ 9, ಹೀಗೆ. ಎಲ್ಲರಿಗೂ ಸಾಕಷ್ಟು ಇಷ್ಟವಾದ ಸಿನಿಮಾ ಇದರಲ್ಲಿ ಮೇಲೆ ಬರುತ್ತದೆ. ಎದುರಾಳಿ ಅನಿಸಿದ ಸಿನಿಮಾವನ್ನು ಬೇಕಂತಲೇ ಕೊನೆಗೆ ತಳ್ಳುವ ಆಸೆ ಇಲ್ಲಿ ಹುಟ್ಟುತ್ತದೆ. ಆ ಆಟ ತಿರುಗುಬಾಣವಾಗಬಹುದು. ಮೊದಲು ಹೇಳಿದ ಒಂಬತ್ತು ಚೀಟಿಗಳನ್ನೇ, ಅದೇ 2, 1, 0 ಅಂಕದಲ್ಲಿ ನೋಡಿ. ಥ್ರಿಲ್ಲರ್ ಮೆಚ್ಚಿದ ನಾಲ್ವರು ಕಾಮಿಡಿಯನ್ನು ಸೋಲಿಸಲು ಅದನ್ನು ಕೊನೆಗೆ ತಳ್ಳಿದರು ಅಂದುಕೊಳ್ಳಿ. ಆಗ ಕಾಮಿಡಿ 7ಕ್ಕೆ ಇಳಿಯುತ್ತದೆ, ಥ್ರಿಲ್ಲರ್ 8ರಲ್ಲೇ ಉಳಿಯುತ್ತದೆ, ಪ್ರೇಮಕಥೆ 12 ಅಂಕ ಪಡೆದು ಗೆಲ್ಲುತ್ತದೆ. ಅವರಿಗೆ ಎಲ್ಲಕ್ಕಿಂತ ಕಡಿಮೆ ಇಷ್ಟವಿದ್ದದ್ದೇ ಅದು.

ಕಡಿಮೆ ಬಂದದ್ದನ್ನು ಒಂದೊಂದಾಗಿ ತೆಗೆಯುತ್ತ ಹೋಗುವುದು ಇನ್ನೊಂದು ದಾರಿ. ಆಸ್ಕರ್‌ನ ಅತ್ಯುತ್ತಮ ಚಿತ್ರ ಪ್ರಶಸ್ತಿಗೆ 2009ರ ಸಿನಿಮಾಗಳಿಂದ ಹೀಗೆ ಎಣಿಸುತ್ತಾರೆ. ಆ ವರ್ಷ ನಾಮನಿರ್ದೇಶನ ಐದರಿಂದ ಹತ್ತಕ್ಕೆ ಏರಿತು. ಹತ್ತು ಸಿನಿಮಾ ಇದ್ದಾಗ ಮೊದಲ ಸ್ಥಾನ ಮಾತ್ರ ಎಣಿಸಿದರೆ ತುಂಬ ಕಡಿಮೆ ಪಾಲಿನ ಮತದಿಂದಲೂ ಗೆಲ್ಲಬಹುದು. ಯಾವುದಾದರೂ ಒಂದಕ್ಕೆ ಅರ್ಧಕ್ಕಿಂತ ಹೆಚ್ಚು ಸಿಗುವ ತನಕ ತೆಗೆಯುತ್ತ ಹೋದರೆ ಆ ಭಯ ಇಲ್ಲ. ಆದರೆ ಎಲ್ಲರಿಗೂ ಎರಡನೇ ಸ್ಥಾನದಲ್ಲಿರುವ ಸಿನಿಮಾ ಮೊದಲ ಸುತ್ತಲ್ಲೇ ಹೊರಬೀಳುತ್ತದೆ. ನಮ್ಮ ಉದಾಹರಣೆಯಲ್ಲಿ ಕಾಮಿಡಿಗೆ ಆದದ್ದು ಅದೇ. ಒಂದೊಂದರ ಎದುರು ಒಂದೊಂದನ್ನು ಇಟ್ಟರೆ ಆ ಕಾಮಿಡಿ ಥ್ರಿಲ್ಲರನ್ನು 5-4ರಿಂದ, ಪ್ರೇಮಕಥೆಯನ್ನು 6-3ರಿಂದ ಸೋಲಿಸುತ್ತದೆ. ಗೆಳೆಯರ ಗುಂಪಿಗೆ ನಾನು ಬೋರ್ಡಾ ಲೆಕ್ಕವನ್ನೇ ಹೇಳುತ್ತೇನೆ. ಒಂದು ಷರತ್ತು ಇದೆ: ಎಲ್ಲರೂ ನೋಡಿರುವ ಸಿನಿಮಾಗಳ ನಡುವೆ ಮಾತ್ರ.

ಎರಡೆರಡಾಗಿ

ಒಬ್ಬರೇ ತಮ್ಮ ಪಟ್ಟಿ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯದು ಇಲ್ಲ. ‘ನಿನ್ನ ನೆಚ್ಚಿನ ಹತ್ತು ಸಿನಿಮಾ ಯಾವುವು?’ ಅಂದರೆ ತಲೆ ಖಾಲಿಯಾಗುತ್ತದೆ. ‘ಇದಾ, ಅದಾ?’ ಅಂದರೆ ಉತ್ತರ ಥಟ್ಟನೆ ಬರುತ್ತದೆ, ಎಷ್ಟೋ ಸಲ ನಮಗೇ ಆಶ್ಚರ್ಯವಾಗುವ ಉತ್ತರ.

ಎಲ್ಲ ಜೋಡಿಗಳನ್ನೂ ಹೋಲಿಸಲು ಹೋದರೆ ಕೆಲಸ ಜಾಸ್ತಿ. ಹತ್ತು ಸಿನಿಮಾಗೆ 45 ಜೋಡಿ, ಇಪ್ಪತ್ತಕ್ಕೆ 190. ಅಷ್ಟು ಬೇಕಿಲ್ಲ. ಕ್ರಮದಲ್ಲಿರುವ 15 ಸಿನಿಮಾಗಳ ಪಟ್ಟಿಗೆ ಹೊಸದೊಂದನ್ನು ಸೇರಿಸಬೇಕಾದರೆ ಮೊದಲು ನಡುವಿನ 8ನೆಯದರ ಜೊತೆ ಹೋಲಿಸಿ. ಅದಕ್ಕಿಂತ ಇಷ್ಟವಾದರೆ 4ನೆಯದರ ಜೊತೆ, ಇಲ್ಲವಾದರೆ 12ನೆಯದರ ಜೊತೆ. ಹೀಗೆ ಅರ್ಧ ಅರ್ಧ ಮಾಡುತ್ತ ಹೋದರೆ ನಾಲ್ಕೇ ಪ್ರಶ್ನೆಗೆ ಅದರ ಜಾಗ ಸಿಗುತ್ತದೆ.

ಕೇಳುವ ಪ್ರಶ್ನೆ ಮಾತ್ರ ಒಂದೇ ಇರಲಿ. ‘ಇವೆರಡರಲ್ಲಿ ಯಾವುದನ್ನು ಮತ್ತೆ ನೋಡುತ್ತೀಯ?’ ಅನ್ನುವುದಕ್ಕೂ ‘ಯಾವುದು ದೊಡ್ಡ ಸಿನಿಮಾ?’ ಅನ್ನುವುದಕ್ಕೂ ಬರುವ ಉತ್ತರ ಬೇರೆ. ಕೆಲವು ಸಿನಿಮಾಗಳನ್ನು ನಾವು ಜೀವನಪೂರ್ತಿ ಗೌರವಿಸುತ್ತೇವೆ, ಇನ್ನೊಮ್ಮೆ ನೋಡುವ ಧೈರ್ಯ ಇರುವುದಿಲ್ಲ. ಕೆಲವನ್ನು ನೂರು ಸಲ ನೋಡಿದರೂ ಯಾರ ಮುಂದೆಯೂ ಹೊಗಳುವುದಿಲ್ಲ. ಗುಂಪಿನಲ್ಲಿ ಅರ್ಧ ಜನ ಮೊದಲ ಪ್ರಶ್ನೆಗೆ, ಅರ್ಧ ಜನ ಎರಡನೆಯದಕ್ಕೆ ಉತ್ತರ ಬರೆದರೆ ಪಟ್ಟಿ ಕಲಸುಮೇಲೋಗರ. ಯಾವ ವಿಧಾನ ಆರಿಸಿದರೂ ಈ ಪ್ರಶ್ನೆಯನ್ನು ಚೀಟಿಯ ಮೇಲ್ಗಡೆ ಬರೆದುಬಿಡಿ.

ಗುಂಪಿನಲ್ಲಿ ಎರಡೆರಡಾಗಿ ಹೋಲಿಸುವಾಗ ಒಂದು ವಿಚಿತ್ರ ನಡೆಯಬಹುದು. ಮೂವರು ಗೆಳೆಯರು. ಒಬ್ಬರ ಕ್ರಮ ಥ್ರಿಲ್ಲರ್, ಪ್ರೇಮಕಥೆ, ಕಾಮಿಡಿ. ಎರಡನೆಯವರದು ಪ್ರೇಮಕಥೆ, ಕಾಮಿಡಿ, ಥ್ರಿಲ್ಲರ್. ಮೂರನೆಯವರದು ಕಾಮಿಡಿ, ಥ್ರಿಲ್ಲರ್, ಪ್ರೇಮಕಥೆ. ಥ್ರಿಲ್ಲರ್ ಪ್ರೇಮಕಥೆಯನ್ನು ಸೋಲಿಸುತ್ತದೆ, ಪ್ರೇಮಕಥೆ ಕಾಮಿಡಿಯನ್ನು, ಕಾಮಿಡಿ ಮತ್ತೆ ಥ್ರಿಲ್ಲರನ್ನು! ಎಲ್ಲವೂ 2-1ರಿಂದ. ಕಾಂಡೋರ್ಸೆ ಎಂಬ ಫ್ರೆಂಚ್ ಚಿಂತಕ 1785ರಲ್ಲೇ ಈ ಸುತ್ತನ್ನು ತೋರಿಸಿದ್ದ. 1951ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಆ್ಯರೋ ಇನ್ನೂ ಮುಂದೆ ಹೋದರು. ಮೂರು ಅಥವಾ ಹೆಚ್ಚು ಆಯ್ಕೆಗಳಿದ್ದಾಗ, ಕ್ರಮದ ಚೀಟಿಗಳನ್ನು ಸೇರಿಸಿ ಗುಂಪಿನ ಕ್ರಮ ಕಟ್ಟುವ ಯಾವ ವಿಧಾನವೂ ನಾವು ಸಹಜವಾಗಿ ಬಯಸುವ ಎಲ್ಲ ನಿಯಮಗಳನ್ನೂ ಒಟ್ಟಿಗೆ ಪಾಲಿಸಲಾರದು ಅಂತ ಸಾಧಿಸಿದರು. ಹಾಗಾಗಿ ದೋಷವಿಲ್ಲದ ವಿಧಾನಕ್ಕಾಗಿ ಹುಡುಕುವುದು ಬೇಡ. ಸುತ್ತು ಬಂದರೆ ಆ ಮೂರನ್ನೂ ಒಂದೇ ಸ್ಥಾನದಲ್ಲಿ ಬರೆಯಿರಿ.

ನಾಕೌಟ್

ಹದಿನಾರು ಸಿನಿಮಾ, ಹದಿನೈದು ಪಂದ್ಯ, ಒಂದು ವಿಜೇತ. ಗದ್ದಲ, ಕೂಗಾಟ, ಖುಷಿ ಬೇಕಾದರೆ ಇದನ್ನೇ ಆಡಿ. ಪಟ್ಟಿ ಮಾಡಲು ಇದನ್ನು ನಂಬಬೇಡಿ. ಎರಡು ಅತಿ ಇಷ್ಟದ ಸಿನಿಮಾಗಳು ಮೊದಲ ಸುತ್ತಲ್ಲೇ ಎದುರಾದರೆ ಒಂದು ಅಲ್ಲಿಗೇ ಮುಗಿಯಿತು. ಫೈನಲ್‌ನಲ್ಲಿ ಸೋತದ್ದು ಎರಡನೇ ಉತ್ತಮ ಅಂತಲೂ ಅಲ್ಲ. ಆಲಿಸ್‌ಳ ಕತೆ ಬರೆದ ಲೂಯಿಸ್ ಕ್ಯಾರಲ್ ಗಣಿತದ ಮೇಷ್ಟ್ರು ಕೂಡ. ಟೆನಿಸ್ ಟೂರ್ನಿಗಳಲ್ಲಿ ಎರಡನೇ ಬಹುಮಾನ ಹೀಗೆ ತಪ್ಪು ಆಟಗಾರನಿಗೆ ಹೋಗುತ್ತದೆ ಅಂತ ಆತ 1883ರಲ್ಲೇ ಲೆಕ್ಕ ಹಾಕಿ ಬರೆದಿದ್ದ.

ದರ್ಜೆ

‘ಪ್ರಾಣ’, ‘ತುಂಬ ಇಷ್ಟ’, ‘ಇಷ್ಟ’, ‘ಒಮ್ಮೆ ಸಾಕು’. ಇಂಥ ನಾಲ್ಕು ಗುಂಪು ಮಾಡಿ ಸಿನಿಮಾಗಳನ್ನು ಹಂಚುವುದು. ಐವತ್ತು ಅರವತ್ತು ಸಿನಿಮಾ ಇದ್ದಾಗ ಇದೇ ಬೇಗ ಮುಗಿಯುವ ದಾರಿ. 37ನೆಯದು ಯಾವುದು, 38ನೆಯದು ಯಾವುದು ಅನ್ನುವುದಕ್ಕೆ ಹೇಗೂ ಅರ್ಥವಿಲ್ಲ. ಮೇಲಿನ ಗುಂಪಿಗೆ ಇಷ್ಟೇ ಸಿನಿಮಾ ಅಂತ ಮಿತಿ ಹಾಕದಿದ್ದರೆ ಮಾತ್ರ ಎಲ್ಲವೂ ‘ಪ್ರಾಣ’ವಾಗಿಬಿಡುತ್ತವೆ.

ಹಾಗಾದರೆ ಯಾವುದು?

ಇವತ್ತಿನ ಸಿನಿಮಾಗೆ ಕೈ ಎತ್ತುವುದು. ಸ್ವಂತ ಪಟ್ಟಿಗೆ ಎರಡೆರಡಾಗಿ ಹೋಲಿಸುವುದು. ಗೆಳೆಯರ ರುಚಿ ತಿಳಿಯಲು ಕ್ರಮವಿಲ್ಲದ ಹತ್ತು. ಗುಂಪಿನ ಪಟ್ಟಿಯೂ ಬೇಕು ಅಂದರೆ ಎರಡು ಹಂತ ಮಾಡಿ. ಮೊದಲು ಎಲ್ಲರೂ ಕ್ರಮವಿಲ್ಲದ ಹತ್ತು ಬರೆಯಲಿ. ಎರಡು ಅಥವಾ ಹೆಚ್ಚು ಮತ ಬಂದವನ್ನು ಪಕ್ಕಕ್ಕೆ ತೆಗೆಯಿರಿ, ಒಂಟಿ ಮತದವುಗಳಿಂದ ಪ್ರತಿಯೊಬ್ಬರೂ ತಮ್ಮದೊಂದನ್ನು ಉಳಿಸಿಕೊಳ್ಳಲಿ. ಹೀಗೆ ಸೇರಿದ ಸಿನಿಮಾಗಳಲ್ಲಿ ನೋಡದವನ್ನು ನೋಡಲು ಎಲ್ಲರಿಗೂ ಸಮಯ ಕೊಡಿ. ಒಂದೆರಡು ತಿಂಗಳಾದರೂ ಪರವಾಗಿಲ್ಲ. ಆಮೇಲೆ ಕ್ರಮದ ಚೀಟಿ, ಬೋರ್ಡಾ ಲೆಕ್ಕ. ಸಮಾನ ಅಂಕ ಬಂದರೆ ಆ ಎರಡನ್ನು ಮಾತ್ರ ಎದುರು ಬದುರು ಇಟ್ಟು ಕೈ ಎತ್ತಿಸಿ.

ಚೀಟಿಯನ್ನು ಒಬ್ಬರದು ಇನ್ನೊಬ್ಬರಿಗೆ ಕಾಣದ ಹಾಗೆ ಬರೆಯುವುದು ಒಳ್ಳೆಯದು. ಗುಂಪಿನಲ್ಲಿ ಜೋರಾಗಿ ಮಾತಾಡುವವರು ಒಬ್ಬರಾದರೂ ಇರುತ್ತಾರೆ. ಅವರು ಮೊದಲು ಬಾಯಿಬಿಟ್ಟರೆ ಉಳಿದವರ ಪಟ್ಟಿ ಅವರ ಕಡೆಗೆ ವಾಲುತ್ತದೆ. ಕಳೆದ ವಾರ ನೋಡಿದ ಸಿನಿಮಾವನ್ನು ಪಟ್ಟಿಗೆ ಸೇರಿಸಬೇಡಿ, ಅದರ ಬಿಸಿ ಇನ್ನೂ ಆರಿರುವುದಿಲ್ಲ. ಹದಿನೈದು ವರ್ಷದವರಾಗಿದ್ದಾಗ ನೋಡಿ ಮತ್ತೆ ನೋಡದ ಸಿನಿಮಾ ಇದ್ದರೆ, ಬರೆಯುವ ಮೊದಲು ಅದರ ಮೊದಲ ಅರ್ಧ ಗಂಟೆಯಾದರೂ ನೋಡಿ. ಅಷ್ಟು ನೋಡಿ ನಿಲ್ಲಿಸಲು ಆಗದಿದ್ದರೆ ಅದರ ಜಾಗ ಖಾತ್ರಿ.

ಪಟ್ಟಿಯನ್ನು ವರ್ಷಕ್ಕೊಮ್ಮೆ ಹೊಸದಾಗಿ ಮಾಡಿ, ಹಳೆಯದನ್ನು ನೋಡದೆ. ಎರಡನ್ನೂ ಆಮೇಲೆ ಪಕ್ಕಪಕ್ಕ ಇಟ್ಟುಕೊಂಡು, ಬಿಟ್ಟುಹೋದದ್ದು ಯಾವುದು, ಹೊಸದಾಗಿ ಬಂದದ್ದು ಯಾವುದು, ಯಾಕೆ ಅಂತ ಪ್ರತಿಯೊಬ್ಬರೂ ಎರಡು ಮಾತು ಹೇಳಲಿ. ಯಾರ ಪಟ್ಟಿ ಜಾಸ್ತಿ ಬದಲಾಗಿದೆಯೋ ಅವರೇ ಮುಂದಿನ ಸಲ ಒಟ್ಟಿಗೆ ನೋಡುವ ಸಿನಿಮಾ ಆರಿಸಲಿ.